ಮೂಗು ಮುಂದೆ, ಲೀಡರ್ ಹಿಂದೆ: ಶೋಧ ನಾಯಿಗಳ ತರಬೇತಿಯಿಂದ ಹೈಸ್ಕೂಲ್ ಮಕ್ಕಳಿಗೆ ತಂಡದ ಪಾಠ

"ನಾಯಿಗೆ ಹೇಳಿದ್ರೆ ನಾಯಿ ತನ್ನ ಬಾಲಕ್ಕೆ ಹೇಳ್ತಂತೆ" ಅನ್ನೋ ಗಾದೆ ನಮ್ಮ ಮಿನಿ ಪ್ರಾಜೆಕ್ಟ್ ತಂಡಗಳನ್ನ ನೋಡಿಯೇ ಹುಟ್ಟಿರಬೇಕು. ನಾಲ್ಕು ಜನರ ತಂಡ ಅಂದ್ರೆ ಒಬ್ಬ ಕೋಡ್ ಬರೀತಾನೆ, ಒಬ್ಬಳು ರಿಪೋರ್ಟ್ ಸಿದ್ಧ ಮಾಡ್ತಾಳೆ, ಉಳಿದಿಬ್ಬರು ವೈವಾ ದಿನ ಶರ್ಟ್ ಇಸ್ತ್ರಿ ಮಾಡ್ಕೊಂಡು ಬರ್ತಾರೆ. ಟೀಮ್ ಲೀಡರ್ ಅಂದ್ರೆ ಗೈಡ್ ಹತ್ರ ಬೈಸಿಕೊಳ್ಳೋಕೆ ಇರೋನು. ಹನ್ನೆರಡು ವರ್ಷ ಶಾಲೆ, ಪಿಯುಸಿ ಓದಿ ಬಂದ ನಮಗೆ ಒಟ್ಟಾಗಿ ಕೆಲಸ ಮಾಡೋದು ಹೇಗೆ ಅಂತ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಶಾಲೆಯಲ್ಲಿ ನಾಯಕತ್ವ ಅಂದ್ರೆ ಕ್ಲಾಸ್ ಲೀಡರ್, ಕ್ಲಾಸ್ ಲೀಡರ್ ಅಂದ್ರೆ ಗಲಾಟೆ ಮಾಡಿದವರ ಹೆಸರು ಬೋರ್ಡ್ ಮೇಲೆ ಬರೆಯೋನು. ಅಲ್ಲಿಗೆ ಪಾಠ ಮುಗೀತು.

ಗಾದೆಗೆ ವಿರುದ್ಧವಾಗಿ, ಹೇಳಿದ ಕೆಲಸವನ್ನ ಬಾಲಕ್ಕೆ ದಾಟಿಸದೆ ತಾವೇ ಮಾಡಿ ಮುಗಿಸುವ ನಾಯಿಗಳಿವೆ. ಭೂಕಂಪದಲ್ಲಿ ಕುಸಿದ ಕಟ್ಟಡದಡಿ, ಗುಡ್ಡ ಜರಿದ ಮಣ್ಣಿನಡಿ, ದಾರಿ ತಪ್ಪಿದವರಿರುವ ಕಾಡಿನಲ್ಲಿ ಮನುಷ್ಯರನ್ನ ಹುಡುಕುವ ಶೋಧ ನಾಯಿಗಳು ಅವು. ಅವುಗಳ ತರಬೇತಿ ನಡೆಯುವ ರೀತಿ ನೋಡಿದರೆ ನಾಯಕತ್ವದ ಬಗ್ಗೆ ನಮಗಿರೋ ಅರ್ಧ ಕಲ್ಪನೆಗಳು ತಲೆಕೆಳಗಾಗ್ತವೆ. ಈ ಲೇಖನದಲ್ಲಿ ಮೊದಲು ಆ ತರಬೇತಿಯನ್ನ ಅರ್ಥ ಮಾಡಿಕೊಳ್ಳೋಣ. ಆಮೇಲೆ ಅದನ್ನ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾಲ್ಕು ತರಗತಿಗಳಲ್ಲಿ ಹೇಳಿಕೊಡೋದು ಹೇಗೆ ಅಂತ ನೋಡೋಣ. ವಿಟಿಯು ಕಾಲೇಜುಗಳಲ್ಲಿ ನಾಲ್ಕು ವರ್ಷ ಓದುವವರಿಗೆ 100 ಆಕ್ಟಿವಿಟಿ ಪಾಯಿಂಟ್ ಬೇಕೇ ಬೇಕಲ್ಲ, ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋದರ ಜೊತೆಗೆ ಹೀಗೂ ಒಂದು ಕೆಲಸ ಮಾಡಬಹುದು.

ಒಬ್ಬ ಪಿ.ಟಿ. ಮೇಡಂ ಕಟ್ಟಿದ ಸಂಸ್ಥೆ

1995ರ ಏಪ್ರಿಲ್ 19ರಂದು ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ಬಾಂಬ್ ಇಟ್ಟರು. 168 ಜನ ಸತ್ತರು. ಅವಶೇಷಗಳಲ್ಲಿ ಹುಡುಕೋಕೆ ದೂರದ ಕ್ಯಾಲಿಫೋರ್ನಿಯಾದಿಂದ ಮರ್ಫಿ ಅನ್ನೋ ಲ್ಯಾಬ್ರಡಾರ್ ನಾಯಿಯ ಜೊತೆ ವಿಲ್ಮಾ ಮೆಲ್ವಿಲ್ ಅನ್ನೋ ಮಹಿಳೆ ಬಂದರು. ಅವರು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಭಾಷೆಯಲ್ಲಿ ಪಿ.ಟಿ. ಮೇಡಂ. ಇಷ್ಟು ದೊಡ್ಡ ದೇಶದಲ್ಲಿ ಇಂಥ ಕೆಲಸಕ್ಕೆ ಪೂರ್ತಿ ತಯಾರಾದ ನಾಯಿಗಳು ಬೆರಳೆಣಿಕೆಯಷ್ಟೇ ಇವೆ ಅನ್ನೋದು ಅವರಿಗೆ ಅಲ್ಲಿ ಅರಿವಾಯ್ತು. ಮರುವರ್ಷವೇ, 1996ರಲ್ಲಿ, ವಿಪತ್ತು ಶೋಧ ನಾಯಿಗಳನ್ನ ತಯಾರು ಮಾಡುವ ಸಂಸ್ಥೆಯೊಂದನ್ನ ಕಟ್ಟಿದರು. ಸತ್ತ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದರಂತೆ 168 ತಂಡಗಳನ್ನ ತಯಾರು ಮಾಡಬೇಕು ಅನ್ನೋದು ಅವರ ಗುರಿ.

ಈ ಸಂಸ್ಥೆ ನಾಯಿಗಳನ್ನ ಆರಿಸೋ ರೀತಿ ಗಮನಿಸಿ. ಹೆಚ್ಚಿನವು ಮನೆಯವರು ಬೇಡ ಅಂತ ಬಿಟ್ಟುಹೋದ, ಆಶ್ರಯ ಕೇಂದ್ರಗಳಲ್ಲಿದ್ದ ನಾಯಿಗಳು. ಒಂದು ನಿಮಿಷ ಸುಮ್ಮನಿರಲ್ಲ, ಚೆಂಡು ಕಂಡರೆ ಹುಚ್ಚಾಗತ್ತೆ, ಸೋಫಾ ಹರಿದುಹಾಕತ್ತೆ ಅಂತ ಯಾವ ಗುಣಕ್ಕೆ ಮನೆಯಿಂದ ಹೊರಗೆ ಹಾಕಿದರೋ, ಅದೇ ಗುಣ ಇಲ್ಲಿ ಅರ್ಹತೆ. ಅಡಗಿಸಿಟ್ಟ ಆಟಿಕೆಗಾಗಿ ಗಂಟೆಗಟ್ಟಲೆ ಬಿಡದೆ ಹುಡುಕುವ ನಾಯಿಯೇ ಅವಶೇಷದ ರಾಶಿಯ ಮೇಲೂ ಬಿಡದೆ ಹುಡುಕೋದು. ಹಿಂದಿನ ಬೆಂಚಿನ ಹುಡುಗನನ್ನ ನೋಡಿ ತಲೆ ಚಚ್ಚಿಕೊಳ್ಳೋ ಯಾವ ಮೇಷ್ಟ್ರಿಗಾದರೂ ಈ ಮಾತು ಹೇಳಬೇಕು.

ಮಕ್ಕಳು ಇಂಥ ಕೆಲಸಕ್ಕೆ ಚಿಕ್ಕವರಾದರಲ್ಲ ಅನ್ನೋ ಅನುಮಾನ ಬರಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1950ರ ದಶಕದಿಂದಲೂ ಹೈಸ್ಕೂಲ್ ವಯಸ್ಸಿನ ಸ್ವಯಂಸೇವಕರ ಶೋಧ ತಂಡಗಳಿವೆ. ಹದಿನಾಲ್ಕು ವರ್ಷದವರೂ ಸೇರಬಹುದು. ದಿಕ್ಸೂಚಿ, ನಕ್ಷೆ, ಪ್ರಥಮ ಚಿಕಿತ್ಸೆ ಕಲಿತು, ಪರೀಕ್ಷೆ ಪಾಸಾಗಿ, ದೊಡ್ಡವರ ಜೊತೆ ಕಾಡಿಗೆ ಹೋಗ್ತಾರೆ. ಯಾರಿಗೋ ನಿಜವಾಗಿ ಬೇಕಾಗಿರೋ ಕೆಲಸ ಕೊಟ್ಟರೆ ಮಕ್ಕಳು ಬೇಗ ದೊಡ್ಡವರಾಗ್ತಾರೆ.

ನಮ್ಮಲ್ಲೂ ಇದು ದೂರದ ವಿಷಯವಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಿದ್ದು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಕುಸಿದಿದ್ದು, ಅದೇ ತಿಂಗಳ ಕೊನೆಗೆ ಪಕ್ಕದ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋಗಿದ್ದು ಎಲ್ಲರಿಗೂ ನೆನಪಿದೆ. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪ ಆದಾಗ ನಮ್ಮ ಎನ್‌ಡಿಆರ್‌ಎಫ್ ತಂಡದ ಜೊತೆ ನಾಯಿಗಳೂ ವಿಮಾನ ಹತ್ತಿದವು. ಅಲ್ಲಿ ಜೂಲಿ ಅನ್ನೋ ಲ್ಯಾಬ್ರಡಾರ್ ಅವಶೇಷದೊಳಗೆ ನುಗ್ಗಿ ಬೊಗಳಿತು. ರೋಮಿಯೋ ಅನ್ನೋ ಇನ್ನೊಂದು ನಾಯಿಯನ್ನ ಕಳಿಸಿದಾಗ ಅದೂ ಅಲ್ಲೇ ಗುರುತು ಕೊಟ್ಟಿತು. ಅಗೆದಾಗ ಆರು ವರ್ಷದ ಹುಡುಗಿ ಜೀವಂತವಾಗಿ ಸಿಕ್ಕಳು. ಒಂದು ನಾಯಿ ಹೇಳಿದ್ದನ್ನ ಇನ್ನೊಂದರಿಂದ ಪರಿಶೀಲಿಸಿದ್ದು ಯಾಕೆ ಅನ್ನೋದು ಈ ಲೇಖನದ ಮುಖ್ಯ ಪ್ರಶ್ನೆ. ಅದಕ್ಕೆ ಮೊದಲು ಸ್ವಲ್ಪ ಎಂಜಿನಿಯರಿಂಗ್.

ವಾಸನೆಯ ಮೆಕ್ಯಾನಿಕ್ಸ್

ನಮ್ಮ ಮೈಯಿಂದ ಪ್ರತಿ ನಿಮಿಷ ಸಾವಿರಾರು ಸತ್ತ ಚರ್ಮದ ಕಣಗಳು ಉದುರ್ತಾ ಇರ್ತವೆ. ಬೆವರು, ಉಸಿರು, ಬ್ಯಾಕ್ಟೀರಿಯಾಗಳ ಕೆಲಸ ಎಲ್ಲ ಸೇರಿ ಅದಕ್ಕೊಂದು ವಾಸನೆ ಬರತ್ತೆ. ಗಾಳಿ ಬೀಸಿದಾಗ ಈ ವಾಸನೆ ಅಡಗಿರುವ ವ್ಯಕ್ತಿಯಿಂದ ಹೊರಟು ಶಂಕುವಿನ ಆಕಾರದಲ್ಲಿ ಹರಡತ್ತೆ: ಹತ್ತಿರ ಕಿರಿದು, ದೂರ ಹೋದಂತೆ ಅಗಲ. ಆದ್ರೆ ಪುಸ್ತಕದಲ್ಲಿ ಬಿಡಿಸಿದ ಶಂಕುವಿನ ಹಾಗೆ ನಯವಾಗಿರಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಗೊತ್ತು, ಗಾಳಿ ಅಲ್ಲಲ್ಲಿ ಸುಳಿಯತ್ತೆ, ತುಂಡಾಗತ್ತೆ. ಹಾಗಾಗಿ ನಾಯಿ ಸೀದಾ ನಡೆಯಲ್ಲ. ಗಾಳಿಗೆ ಅಡ್ಡವಾಗಿ ಆ ಕಡೆ ಈ ಕಡೆ ಓಡಾಡತ್ತೆ. ವಾಸನೆ ಸಿಕ್ಕ ಕೂಡಲೇ ತಲೆ ತಿರುಗಿಸಿ ಗಾಳಿಗೆ ಎದುರಾಗಿ ನುಗ್ಗತ್ತೆ. ಕಳೆದುಕೊಂಡರೆ ಮತ್ತೆ ಅಡ್ಡಡ್ಡ ಓಡತ್ತೆ.

ಬೆಟ್ಟದ ಊರಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಬೆಳಗ್ಗೆ ಬಿಸಿಲೇರಿದಂತೆ ಇಳಿಜಾರಿನ ಗಾಳಿ ಬಿಸಿಯಾಗಿ ಮೇಲಕ್ಕೆ ಹತ್ತತ್ತೆ, ಸಂಜೆ ತಣ್ಣಗಾದಾಗ ಕೆಳಗಿಳಿಯತ್ತೆ. ಒಂದೇ ಜಾಗವನ್ನ ಬೆಳಗ್ಗೆ ಮೇಲಿನಿಂದ, ಸಂಜೆ ಕೆಳಗಿನಿಂದ ಹುಡುಕಬೇಕಾಗಬಹುದು. ಕುಸಿದ ಕಟ್ಟಡದಲ್ಲಂತೂ ವಾಸನೆ ವ್ಯಕ್ತಿಯ ನೇರ ಮೇಲೆ ಬರಬೇಕೆಂದೇನಿಲ್ಲ. ಬಿರುಕುಗಳ ಮೂಲಕ ಹರಿದು ಮೀಟರುಗಟ್ಟಲೆ ಆಚೆ ಹೊರಬೀಳಬಹುದು. ನಾಯಿ ಬೊಗಳಿದ ಜಾಗವೇ ಮನುಷ್ಯ ಇರುವ ಜಾಗ ಅಂತ ಅಲ್ಲ. ವಾಸನೆ ಹೊರಬರುವ ಬಾಯಿ ಅಷ್ಟೇ. ಅಲ್ಲಿಂದ ಒಳಗೆ ಎಲ್ಲಿ ಹೇಗೆ ಅಗೆಯಬೇಕು, ಯಾವ ಸ್ಲ್ಯಾಬ್ ಮುಟ್ಟಿದರೆ ಏನು ಬೀಳತ್ತೆ ಅನ್ನೋ ಲೆಕ್ಕಕ್ಕೆ ಮನುಷ್ಯರು ಬೇಕು. ಅಮೆರಿಕದ ವಿಪತ್ತು ತಂಡಗಳಲ್ಲಿ ನಾಯಿಗಳ ಜೊತೆ ಸ್ಟ್ರಕ್ಚರಲ್ ಎಂಜಿನಿಯರುಗಳೂ ಇರೋದು ಇದಕ್ಕೇ. ಸಿವಿಲ್ ಬ್ರಾಂಚಿನವರು ಎದೆ ಉಬ್ಬಿಸಬಹುದು.

ನಾಯಿಯ ಮೂಗೂ ಒಂದು ಅದ್ಭುತ ಡಿಸೈನ್. ಅದು ಸೆಕೆಂಡಿಗೆ ಸುಮಾರು ಐದು ಸಲ ಮೂಸತ್ತೆ. ಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹಿಂದಕ್ಕೆ ಹೋಗತ್ತೆ, ಆ ಹರಿವು ಮುಂದಿನ ಹೊಸ ಗಾಳಿಯನ್ನ ಮೂಗಿನ ಕಡೆಗೆ ಎಳೆದುಕೊಳ್ಳತ್ತೆ. 2016ರಲ್ಲಿ ಅಮೆರಿಕದ ಸಂಶೋಧಕರು ಲ್ಯಾಬ್ರಡಾರ್ ಮೂಗನ್ನ ತ್ರೀಡಿ ಪ್ರಿಂಟ್ ಮಾಡಿ ಈ ಹರಿವನ್ನ ಅಳೆದರು. ಅದೇ ಉಪಾಯವನ್ನ ಮಾರುಕಟ್ಟೆಯಲ್ಲಿದ್ದ ಪತ್ತೆ ಯಂತ್ರವೊಂದಕ್ಕೆ ಅಳವಡಿಸಿದಾಗ 4 ಸೆಂಟಿಮೀಟರ್ ದೂರದಲ್ಲಿ ಅದರ ಸಾಮರ್ಥ್ಯ ಸುಮಾರು 16 ಪಟ್ಟು ಹೆಚ್ಚಾಯ್ತು.

ಹಾಗಂತ ಎಲ್ಲ ನಾಯಿಗೂ ಒಂದೇ ಕೆಲಸ ಅಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಮೂಲತಃ ಕಣ್ಣಿನಿಂದ ನೋಡಿ ಓಡಿಸಿ ಬೇಟೆ ಹಿಡಿಯುವ ತಳಿ. ಬಯಲಿನಲ್ಲಿ ಅದರ ಓಟಕ್ಕೆ ಸಾಟಿಯಿಲ್ಲ. ಅವಶೇಷದಲ್ಲಿ ಹೆಚ್ಚಾಗಿ ಕಾಣೋದು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮಾಲಿನ್ವಾ. ಬೆಂಗಳೂರಿನ ಹತ್ತಿರದ ತರಳುವಿನಲ್ಲಿರೋ ಸಿಆರ್‌ಪಿಎಫ್ ಶ್ವಾನ ತರಬೇತಿ ಶಾಲೆಯಲ್ಲಿ ಮಾಲಿನ್ವಾಗಳಿಗೆ ಭದ್ರತಾ ಕೆಲಸದ ತರಬೇತಿ ನಡೆಯತ್ತೆ. ಯಾರು ಹೆಚ್ಚು, ಯಾರು ಕಡಿಮೆ ಅನ್ನೋ ಪ್ರಶ್ನೆ ಇಲ್ಲಿ ಬರೋದೇ ಇಲ್ಲ. ಯಾವ ಕೆಲಸಕ್ಕೆ ಯಾರು ಅನ್ನೋದಷ್ಟೇ ಪ್ರಶ್ನೆ.

ತರಬೇತಿ ಅಂದ್ರೆ ಕಣ್ಣಾಮುಚ್ಚಾಲೆ

ಮೊದಲ ಹಂತ ತುಂಬಾ ಸರಳ. ಒಬ್ಬ ಸಹಾಯಕ ನಾಯಿಗೆ ಅದರ ಮೆಚ್ಚಿನ ಆಟಿಕೆ ತೋರಿಸಿ, ಅದು ನೋಡ್ತಿರುವಾಗಲೇ ಓಡಿಹೋಗಿ ಮರದ ಹಿಂದೆ ಅಡಗ್ತಾನೆ. ನಾಯಿಯನ್ನ ಬಿಡ್ತಾರೆ. ಹುಡುಕಿದ ಕೂಡಲೇ ಸಹಾಯಕ ಆಟಿಕೆ ಕೊಟ್ಟು ಕುಣಿದಾಡಿ ಆಟ ಆಡಿಸ್ತಾನೆ. ಮುಂದಿನ ಹಂತದಲ್ಲಿ ಸಹಾಯಕ ಒಂದು ಡ್ರಮ್ಮಿನೊಳಗೆ ಕೂರ್ತಾನೆ. ನಾಯಿ ಬೊಗಳುವವರೆಗೂ ಮುಚ್ಚಳ ತೆರೆಯಲ್ಲ. "ಬೊಗಳಿದರೆ ಮನುಷ್ಯ ಸಿಗ್ತಾನೆ, ಮನುಷ್ಯ ಸಿಕ್ಕರೆ ಆಟ ಸಿಗತ್ತೆ" ಅನ್ನೋ ಸೂತ್ರ ನಾಯಿಯ ತಲೆಗೆ ಹತ್ತತ್ತೆ. ಆಮೇಲೆ ನಾಲ್ಕಾರು ಡ್ರಮ್ಮು, ಒಂದರಲ್ಲಿ ಮಾತ್ರ ಮನುಷ್ಯ. ಆಮೇಲೆ ಅವಶೇಷದ ರಾಶಿ. ಕೊನೆಗೆ, ಮನುಷ್ಯ ಎಲ್ಲಿದ್ದಾನೆ ಅಂತ ನಾಯಿಯ ಜೊತೆಗಿರುವ ಹ್ಯಾಂಡ್ಲರ್‌ಗೂ ಗೊತ್ತಿರಲ್ಲ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ಬಹುಮಾನ ಬರೋದು ಅಡಗಿದವನಿಂದ. ಹ್ಯಾಂಡ್ಲರೇ ಪ್ರತಿ ಸಲ ಬಹುಮಾನ ಕೊಟ್ಟರೆ ನಾಯಿ ಅವರ ಮುಖ ನೋಡೋಕೆ ಶುರು ಮಾಡತ್ತೆ. ಕೆಲಸ ಬಿಟ್ಟು ಬಾಸ್ ಮೆಚ್ಚಿಸೋ ನೌಕರನ ಹಾಗೆ. ಎರಡು, ಅಡಗುವವನ ಕೆಲಸ ಅತ್ಯಂತ ಬೇಜಾರಿನ ಕೆಲಸ. ಕತ್ತಲಲ್ಲಿ ಸದ್ದಿಲ್ಲದೆ ಕಾಯಬೇಕು, ನಾಯಿ ಬಂದಾಗ ಮಾತ್ರ ಉತ್ಸಾಹದ ಬುಗ್ಗೆಯಾಗಬೇಕು. ಅವನು ಅರೆಮನಸ್ಸಿನಿಂದ ಆಡಿದರೆ ತರಬೇತಿ ಕೆಡತ್ತೆ. ಫೋಟೋದಲ್ಲಿ ಅವನು ಇರೋದೇ ಇಲ್ಲ, ಆದ್ರೆ ಅವನಿಲ್ಲದೆ ನಾಯಿಯೇ ತಯಾರಾಗಲ್ಲ.

ದೊಡ್ಡ ದುರಂತಗಳಲ್ಲಿ ದಿನಗಟ್ಟಲೆ ಯಾರೂ ಜೀವಂತ ಸಿಗದೇ ಹೋದಾಗ ನಾಯಿಗಳು ಮಂಕಾಗ್ತವೆ. ಆಗ ಹ್ಯಾಂಡ್ಲರುಗಳು ತಂಡದವರಲ್ಲೇ ಒಬ್ಬರನ್ನ ಅಡಗಿಸಿ ನಾಯಿಗೆ ಹುಡುಕಿಸ್ತಾರೆ. ಒಂದು ಗೆಲುವು ಸಿಕ್ಕಿದ ಮೇಲೆ ನಾಯಿ ಮತ್ತೆ ಬಾಲ ಅಲ್ಲಾಡಿಸ್ತಾ ಕೆಲಸಕ್ಕೆ ಹೊರಡತ್ತೆ. ಮೂರು ಸೆಮಿಸ್ಟರ್ ಒಂದೇ ಬ್ಯಾಕ್ ಪೇಪರ್ ಜೊತೆ ಗುದ್ದಾಡಿದವರಿಗೆ ಇದನ್ನ ವಿವರಿಸಬೇಕಿಲ್ಲ.

ಹಗ್ಗದಲ್ಲಿ ಹರಿದುಹೋಗುವ ಸುಳ್ಳು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಅನ್ನೋ ಕುದುರೆ ಲೆಕ್ಕ ಮಾಡತ್ತೆ ಅಂತ ಪ್ರಸಿದ್ಧವಾಗಿತ್ತು. ಎರಡು ಕೂಡಿಸು ಮೂರು ಅಂದರೆ ಐದು ಸಲ ಕಾಲು ಕುಟ್ಟೋದು. ಓಸ್ಕರ್ ಫುಂಗ್‌ಸ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಉತ್ತರ ಗೊತ್ತಿದ್ದವರು ಕೇಳಿದರೆ ಮಾತ್ರ ಕುದುರೆ ಸರಿಯಾಗಿ ಹೇಳ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಮೈ ತಮಗೇ ಗೊತ್ತಿಲ್ಲದೆ ಸ್ವಲ್ಪ ಅಲುಗ್ತಿತ್ತು, ಕುದುರೆ ಅದನ್ನ ಓದ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ.

ನಾಯಿಗಳ ವಿಷಯದಲ್ಲೂ ಹೀಗೇ ಆಗಬಹುದಾ? 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು ಮಾದಕವಸ್ತು, ಸ್ಫೋಟಕ ಪತ್ತೆ ಮಾಡುವ 18 ಜೋಡಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯ್ತು. ಕೋಣೆಗಳಲ್ಲಿ ಹುಡುಕಬೇಕು. ಕೆಲವು ಕಡೆ ಕೆಂಪು ಕಾಗದ ಇದ್ದರೆ ಅಲ್ಲಿ ವಸ್ತು ಇದೆ ಅಂತ ಹ್ಯಾಂಡ್ಲರುಗಳಿಗೆ ಹೇಳಿದ್ದರು. ನಿಜ ಏನಂದ್ರೆ ಯಾವ ಕೋಣೆಯಲ್ಲೂ ಏನೂ ಇರಲಿಲ್ಲ. ಒಟ್ಟು 144 ಹುಡುಕಾಟಗಳಲ್ಲಿ ಒಂದೂ ತಪ್ಪು ಸೂಚನೆ ಬರದೇ ಮುಗಿದಿದ್ದು 21 ಮಾತ್ರ. ಬಂದ ತಪ್ಪು ಸೂಚನೆಗಳು 225. ಕಾಗದ ಇದ್ದ ಜಾಗದಲ್ಲಿ ಸೂಚನೆಗಳು ಹೆಚ್ಚು.

ಇದನ್ನ ಓದಿ ನಾಯಿಗಳ ಮೇಲೆ ನಂಬಿಕೆ ಬಿಡಬೇಕಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾಗಿದ್ದು ಹ್ಯಾಂಡ್ಲರ್ ಮನಸ್ಸಿನ ನಂಬಿಕೆ. "ಇಲ್ಲೇ ಇದೆ" ಅಂತ ಮೊದಲೇ ತೀರ್ಮಾನಿಸಿದವರ ನಡಿಗೆ ಅಲ್ಲಿ ನಿಧಾನವಾಗತ್ತೆ, ಕಣ್ಣು ಅಲ್ಲೇ ನಿಲ್ಲತ್ತೆ. ನಾಯಿ ಅದನ್ನ ಓದಿ ಬೇಕಾದ ಉತ್ತರ ಕೊಡಬಹುದು. ಅಥವಾ ನಾಯಿ ಸುಮ್ಮನೆ ನಿಂತದ್ದೇ ಸೂಚನೆಯಾಗಿ ಹ್ಯಾಂಡ್ಲರ್ ಕಣ್ಣಿಗೆ ಕಾಣಬಹುದು. ಗ್ರಾಫ್ ಹೀಗೇ ಬರಬೇಕು ಅಂತ ಮೊದಲೇ ಗೊತ್ತಿದ್ದರೆ ರೀಡಿಂಗೂ ಹಾಗೇ ಬರತ್ತೆ ಅನ್ನೋದು ಲ್ಯಾಬ್‌ನಲ್ಲಿ ಎಲ್ಲರಿಗೂ ಗೊತ್ತಿರೋ ಗುಟ್ಟಲ್ವಾ? ಹಾಗೇ.

ಲ್ಯಾಬ್‌ನಲ್ಲಿ ಹೋಗೋದು ಎರಡು ಮಾರ್ಕು. ಗುಡ್ಡ ಕುಸಿದ ಜಾಗದಲ್ಲಿ ಒಂದು ತಪ್ಪು ಸೂಚನೆ ಅಂದ್ರೆ ಜೆಸಿಬಿ ಗಂಟೆಗಟ್ಟಲೆ ತಪ್ಪು ಜಾಗದಲ್ಲಿ ಅಗೆಯತ್ತೆ, ಉಸಿರು ಹಿಡಿದುಕೊಂಡಿರೋ ಒಂದು ಜೀವ ಇನ್ನೊಂದು ಕಡೆ ಕಾಯ್ತಿರತ್ತೆ. ಟರ್ಕಿಯಲ್ಲಿ ಜೂಲಿಯ ನಂತರ ರೋಮಿಯೋನನ್ನ ಕಳಿಸಿದ್ದರ ಬೆಲೆ ಈಗ ತಿಳಿಯತ್ತೆ. ಜೂಲಿ ಮೇಲಿನ ಅಪನಂಬಿಕೆ ಅಲ್ಲ ಅದು, ಒಳಗಿರುವ ಮಗುವಿನ ಮೇಲಿನ ಕಾಳಜಿ.

ನಾಯಕತ್ವದ ಪಾಠ ಇಲ್ಲೇ ಇದೆ. ಲೀಡರ್ ಏನು ಕೇಳಬಯಸ್ತಾನೆ ಅಂತ ತಂಡಕ್ಕೆ ಗೊತ್ತಾದರೆ, ತಂಡ ಅದನ್ನೇ ಹೇಳತ್ತೆ. ಬಾಯಿ ಬಿಟ್ಟು ಹೇಳಬೇಕಂತಿಲ್ಲ, ಹುಬ್ಬು ಹಾರಿಸಿದರೂ ಸಾಕು. ಶೋಧ ನಾಯಿಗಳ ಹ್ಯಾಂಡ್ಲರುಗಳಲ್ಲಿ "ನಿನ್ನ ನಾಯಿಯನ್ನ ನಂಬು" ಅನ್ನೋ ಮಾತು ಚಾಲ್ತಿಯಲ್ಲಿದೆ. ಹಾಗಾದ್ರೆ ಹ್ಯಾಂಡ್ಲರ್‌ಗೆ ಕೆಲಸವೇನು? ಮೂರಿದೆ. ಗಾಳಿ ನೋಡಿ ಎಲ್ಲಿಂದ ಶುರು ಮಾಡಬೇಕು ಅಂತ ನಿರ್ಧರಿಸೋದು. ನಾಯಿ ದಣಿದಿದೆಯಾ ಅಂತ ನೋಡಿ ಯಾವಾಗ ನಿಲ್ಲಿಸಬೇಕು ಅಂತ ನಿರ್ಧರಿಸೋದು. ಕಂಡದ್ದನ್ನ ಕಂಡಷ್ಟೇ ವರದಿ ಮಾಡೋದು. ಮೂಗು ನಾಯಿಯದು, ಜವಾಬ್ದಾರಿ ಹ್ಯಾಂಡ್ಲರ್‌ದು.

ನಾಲ್ಕು ತರಗತಿಗಳ ಯೋಜನೆ

ಇದನ್ನ ಹೈಸ್ಕೂಲಿಗೆ ಒಯ್ಯೋಣ. ವಾರಕ್ಕೊಂದರಂತೆ ನಾಲ್ಕು ಶನಿವಾರ, ಒಂದೂವರೆ ಗಂಟೆ ಸಾಕು. ನಾಲ್ಕು ನಾಲ್ಕು ಮಕ್ಕಳ ತಂಡ ಮಾಡಿ. ಪಾತ್ರಗಳು ನಾಲ್ಕು: ಮೂಗು (ನಾಯಿಯ ಪಾತ್ರ), ಹ್ಯಾಂಡ್ಲರ್, ನಕ್ಷೆ ಬರೆಯುವವರು, ಅಡಗುವವರು. ಪ್ರತಿ ವಾರ ಪಾತ್ರ ಬದಲಾಗಲೇಬೇಕು. ಮಾಮೂಲಿ ಕ್ಲಾಸ್ ಲೀಡರ್‌ಗೆ ಮೊದಲ ವಾರ ಅಡಗುವ ಪಾತ್ರ ಕೊಡಿ. ಈ ನಾಲ್ಕು ತರಗತಿಗೂ ನಾಯಿ ಬೇಕಾಗಿಲ್ಲ.

ಮೊದಲ ತರಗತಿ: ಮೂಗಿನ ಆಟ. ಮೈದಾನದಲ್ಲಿ ಒಂದು ಕಡೆ ಊದುಬತ್ತಿ ಹಚ್ಚಿಡಿ. ಪೌಡರ್ ಡಬ್ಬಿ ಅದುಮಿ ಗಾಳಿ ಎತ್ತ ಬೀಸ್ತಿದೆ ನೋಡಿ. ನಿಜವಾದ ಹ್ಯಾಂಡ್ಲರುಗಳೂ ಇದನ್ನೇ ಮಾಡ್ತಾರೆ. ಕಣ್ಣು ಕಟ್ಟಿದ "ಮೂಗು" ಗಾಳಿಗೆ ಅಡ್ಡವಾಗಿ ನಡೆದು, ವಾಸನೆ ಸಿಕ್ಕಾಗ ಕೈ ಎತ್ತಬೇಕು. ಕೈ ಎತ್ತಿದ ಜಾಗಗಳನ್ನೆಲ್ಲ ಸುಣ್ಣದಿಂದ ಗುರುತು ಮಾಡಿ. ಕೊನೆಗೆ ನೆಲದ ಮೇಲೆ ವಾಸನೆಯ ಶಂಕು ತಾನಾಗಿ ಮೂಡತ್ತೆ. ಮನುಷ್ಯರ ಮೂಗಿಗೆ ಇದೆಲ್ಲ ಆಗಲ್ಲ ಅಂತ ಮಕ್ಕಳು ಹೇಳಿದರೆ ಒಂದು ವಿಷಯ ಹೇಳಿ: 2007ರಲ್ಲಿ ಪ್ರಕಟವಾದ ಬರ್ಕ್ಲಿಯ ಪ್ರಯೋಗವೊಂದರಲ್ಲಿ 32 ಜನರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಕಣ್ಣು ಕಟ್ಟಿಕೊಂಡು, ಹುಲ್ಲಿನ ಮೇಲೆ ಮಂಡಿಯೂರಿ ಮೂಸುತ್ತಾ 10 ಮೀಟರ್ ಚಾಕೊಲೇಟ್ ವಾಸನೆಯ ಜಾಡು ಹಿಡಿದರು. ಅಭ್ಯಾಸ ಮಾಡಿದವರು ಇನ್ನೂ ಬೇಗ ಹಿಡಿದರು.

ಎರಡನೇ ತರಗತಿ: ಐದೇ ಮಾತು. ಕಣ್ಣು ಕಟ್ಟಿದ "ಮೂಗು" ಸ್ಕೂಲ್ ಬ್ಯಾಗುಗಳ ಅಡೆತಡೆ ದಾಟಿ ಇನ್ನೊಂದು ತುದಿಯಲ್ಲಿರೋ ಚೆಂಡು ಮುಟ್ಟಬೇಕು. ಹ್ಯಾಂಡ್ಲರ್ ಒಂದು ಸುತ್ತಿಗೆ ಐದು ಸಲ ಮಾತ್ರ ಮಾತಾಡಬಹುದು. ಯಾವ ಪದಕ್ಕೆ ಏನರ್ಥ ಅಂತ ಮೊದಲೇ ತಂಡದಲ್ಲಿ ಒಪ್ಪಿಕೊಂಡಿರಬೇಕು. ಮೊದಲ ಸುತ್ತಿನಲ್ಲಿ ಮೂರು ಹೆಜ್ಜೆಗೇ ಐದೂ ಮಾತು ಖಾಲಿಯಾಗತ್ತೆ. ಎರಡನೇ ಸುತ್ತಿಗೆ ಮಕ್ಕಳು ಮೊದಲೇ ಮಾತಾಡಿಕೊಳ್ಳೋಕೆ ಶುರು ಮಾಡ್ತಾರೆ. ಕೆಲಸದ ನಡುವೆ ಕೂಗಾಡೋದಕ್ಕಿಂತ ಕೆಲಸಕ್ಕೆ ಮುಂಚೆ ಒಪ್ಪಂದ ಮಾಡಿಕೊಳ್ಳೋದು ಸುಲಭ ಅಂತ ಅವರಿಗೇ ಹೊಳೆಯಬೇಕು, ನೀವು ಹೇಳಬೇಡಿ.

ಮೂರನೇ ತರಗತಿ: ಖಾಲಿ ಲೋಟಗಳು. ಇದು ಡೇವಿಸ್ ಪ್ರಯೋಗದ ಹೈಸ್ಕೂಲ್ ರೂಪ. ಆರು ಪೇಪರ್ ಲೋಟಗಳಿಗೆ ಬಟ್ಟೆ ಕಟ್ಟಿ, ಒಂದರಿಂದ ಆರರವರೆಗೆ ನಂಬರ್ ಹಾಕಿ. ನಾಲ್ಕನೇ ಲೋಟದಲ್ಲಿ ಒಂಚೂರು ಇಂಗು ಇದೆ ಅಂತ ಹ್ಯಾಂಡ್ಲರ್ ಕಿವಿಯಲ್ಲಿ ಹೇಳಿ. ನಿಜಕ್ಕೂ ಎಲ್ಲವೂ ಖಾಲಿ. ಹ್ಯಾಂಡ್ಲರ್ ಮಾತಾಡದೆ ಒಂದೊಂದೇ ಲೋಟವನ್ನ ಕಣ್ಣು ಕಟ್ಟಿದ "ಮೂಗಿಗೆ" ಹಿಡಿಯಬೇಕು. "ಮೂಗು" ಯಾವುದನ್ನ ಆರಿಸಿತು ಅಂತ ಬೋರ್ಡ್ ಮೇಲೆ ಬರೆಯಿರಿ. "ಯಾವುದರಲ್ಲೂ ಇಲ್ಲ" ಅನ್ನೋ ಉತ್ತರಕ್ಕೂ ಅವಕಾಶ ಇರಲಿ. ಎರಡನೇ ಸುತ್ತಿನಲ್ಲಿ ಹ್ಯಾಂಡ್ಲರ್‌ಗೂ ಏನೂ ಹೇಳಬೇಡಿ. ಎರಡು ಸುತ್ತಿನ ಅಂಕಿಗಳನ್ನ ಪಕ್ಕಪಕ್ಕ ಇಟ್ಟು ಮಕ್ಕಳನ್ನೇ ಕೇಳಿ: ವ್ಯತ್ಯಾಸ ಇದೆಯಾ? ನಾಲ್ಕನೇ ಲೋಟ ಹಿಡಿದಾಗ ಕೈ ಹೆಚ್ಚು ಹೊತ್ತು ನಿಂತಿತಾ? ಫಲಿತಾಂಶ ಹೇಗೇ ಬರಲಿ, ಬಂದಹಾಗೇ ಬರೆಯಿರಿ. ನಿಮಗೆ ಬೇಕಾದ ಉತ್ತರದ ಕಡೆ ತಳ್ಳಿದರೆ ನೀವೇ ಕೆಂಪು ಕಾಗದ ನಂಬಿದ ಹ್ಯಾಂಡ್ಲರ್ ಆಗ್ತೀರಿ. ಈ ಆಟದಲ್ಲಿ ಮಕ್ಕಳಿಗೆ ಸುಳ್ಳು ಹೇಳ್ತಿರೋದರಿಂದ ಮೇಷ್ಟ್ರಿಗೆ ಮೊದಲೇ ತಿಳಿಸಿರಬೇಕು, ಮುಗಿದ ತಕ್ಷಣ ಮಕ್ಕಳಿಗೆ ನಿಜ ಹೇಳಬೇಕು, ಯಾರನ್ನೂ ಆಡಿಕೊಳ್ಳಬಾರದು.

ನಾಲ್ಕನೇ ತರಗತಿ: ಪೂರ್ತಿ ಹುಡುಕಾಟ. ಶಾಲೆಯ ಮೈದಾನವನ್ನ ಚೌಕಗಳಾಗಿ ನಕ್ಷೆ ಮಾಡಿ. ಮೇಷ್ಟ್ರು ತೋರಿಸಿದ ಸುರಕ್ಷಿತ ಜಾಗಗಳಲ್ಲಿ ಮಾತ್ರ ಮಕ್ಕಳು ಅಡಗಬೇಕು, ಹತ್ತು ನಿಮಿಷ ಸದ್ದಿಲ್ಲದೆ ಕಾಯಬೇಕು. ಹುಡುಕುವ ತಂಡ ಪ್ರತಿ ಚೌಕಕ್ಕೂ "ಸಿಕ್ಕಿತು", "ಇಲ್ಲ", "ಇನ್ನೂ ನೋಡಿಲ್ಲ" ಅಂತ ಬರೆಯಬೇಕು. ನೋಡದೇ ಇರೋ ಚೌಕಕ್ಕೆ "ಇಲ್ಲ" ಅಂತ ಬರೆದ ತಂಡ ಎಷ್ಟು ಬೇಗ ಮುಗಿಸಿದರೂ ಸೋತಹಾಗೆ. ನಿಜವಾದ ಹುಡುಕಾಟದಲ್ಲಿ "ಇಲ್ಲಿ ಯಾರೂ ಇಲ್ಲ" ಅನ್ನೋದೂ ಒಂದು ಫಲಿತಾಂಶವೇ. ಆ ಮಾತು ನಂಬಿ ಜೆಸಿಬಿ, ಜನ, ಸಮಯ ಎಲ್ಲ ಬೇರೆ ಕಡೆ ಹೋಗ್ತವೆ.

ಪ್ರತಿ ತರಗತಿಯ ಕೊನೆಗೆ ಹದಿನೈದು ನಿಮಿಷ ಸುತ್ತ ಕೂತು ಮೂರು ಪ್ರಶ್ನೆ ಕೇಳಿ. ನಿನಗೆ ಗೊತ್ತಿದ್ದೂ ಹೇಳದೇ ಉಳಿದಿದ್ದು ಏನಾದ್ರೂ ಇತ್ತಾ? ಯಾಕೆ ಹೇಳಲಿಲ್ಲ? ಇವತ್ತು ಯಾರ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ? ಮೊದಲ ವಾರ ಎಲ್ಲರೂ ನೆಲ ನೋಡ್ತಾರೆ. ಬಿಡಬೇಡಿ, ಆದ್ರೆ ಒತ್ತಾಯವೂ ಬೇಡ.

ಎಚ್ಚರಿಕೆಯ ಮಾತು

ಉತ್ಸಾಹದಲ್ಲಿ ಬೀದಿನಾಯಿಯನ್ನೋ ಪಕ್ಕದ ಮನೆಯ ಟಾಮಿಯನ್ನೋ ತರಗತಿಗೆ ಎಳೆದುಕೊಂಡು ಬರಬೇಡಿ. ಮಕ್ಕಳಿಗೆ ನಿಜವಾದ ನಾಯಿಯ ಕೆಲಸ ತೋರಿಸಬೇಕು ಅನ್ನಿಸಿದರೆ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಜಿಲ್ಲಾ ಪೊಲೀಸ್ ಶ್ವಾನದಳಕ್ಕೆ ಮನವಿ ಕೊಟ್ಟು ಪ್ರದರ್ಶನ ಸಾಧ್ಯವಾ ಅಂತ ಕೇಳಿ. ಬಂದರೆ, ಹ್ಯಾಂಡ್ಲರ್ ಅನುಮತಿ ಇಲ್ಲದೆ ಯಾರೂ ನಾಯಿ ಮುಟ್ಟಬಾರದು, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬಾರದು. ನಾಯಿ ಕಂಡರೆ ಹೆದರುವ ಮಕ್ಕಳು ದೂರ ನಿಂತು ನಕ್ಷೆ ಬರೆಯಲಿ. ಹೆದರಿಕೆಯನ್ನ ನಗೆಪಾಟಲು ಮಾಡೋದು ಬೇಡ. ಯಾವುದೇ ನಾಯಿ ಕಚ್ಚಿದರೆ ಗಾಯವನ್ನ ಕೂಡಲೇ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು ಅನ್ನೋದನ್ನ ಮೊದಲ ದಿನವೇ ಹೇಳಿಕೊಡಿ. ಅಡಗುವ ಆಟದಲ್ಲಿ ನೀರಿನ ತೊಟ್ಟಿ, ಬೀರು, ಬೀಗ ಬೀಳುವ ಕೋಣೆ ನಿಷೇಧ. ಇನ್ನೊಂದು ಮಾತನ್ನ ಒತ್ತಿ ಹೇಳಿ: ನಾಲ್ಕು ತರಗತಿ ಮುಗಿಸಿದ ಯಾರೂ ರಕ್ಷಣಾ ಸಿಬ್ಬಂದಿ ಆಗಲ್ಲ. ನಿಜವಾಗಿ ಗುಡ್ಡ ಜರಿದರೆ ಮಕ್ಕಳು ಮಾಡಬೇಕಾದ್ದು ದೂರ ಸರಿದು 112ಕ್ಕೆ ಕರೆ ಮಾಡೋದು, ಯಾರು ಎಲ್ಲಿದ್ದರು ಅಂತ ಕಂಡಷ್ಟನ್ನ ಸರಿಯಾಗಿ ಹೇಳೋದು. ಮೂರನೇ ಮತ್ತು ನಾಲ್ಕನೇ ತರಗತಿಯ ಪಾಠ ಆಗ ಕೆಲಸಕ್ಕೆ ಬರತ್ತೆ. ಊಹೆಯನ್ನ ಸುದ್ದಿ ಮಾಡದೆ "ನಾನು ನೋಡಿದ್ದು ಇಷ್ಟು, ಉಳಿದದ್ದು ಗೊತ್ತಿಲ್ಲ" ಅನ್ನೋಕೆ ಬರುವ ಒಬ್ಬ ಹುಡುಗ ಅಥವಾ ಹುಡುಗಿ ಊರಲ್ಲಿದ್ದರೆ ಹುಡುಕುವವರ ಅರ್ಧ ಕೆಲಸ ಹಗುರಾಗತ್ತೆ.

ಶುರು ಮಾಡೋಕೆ ದೊಡ್ಡ ಖರ್ಚಿಲ್ಲ. ಊದುಬತ್ತಿ, ಪೌಡರ್ ಡಬ್ಬಿ, ಸುಣ್ಣದ ಪುಡಿ, ಪೇಪರ್ ಲೋಟ, ಕಣ್ಣಿಗೆ ಕಟ್ಟೋಕೆ ಶುಭ್ರವಾದ ಬಟ್ಟೆ, ಒಂದು ನೋಟ್‌ಬುಕ್ಕು. ನಾಲ್ಕು ಜನ ಸೇರಿ, ನಿಮ್ಮಲ್ಲೇ ಮೊದಲು ಒಂದು ಸುತ್ತು ಆಡಿ ನೋಡಿ, ಆಮೇಲೆ ಹತ್ತಿರದ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರನ್ನ ಭೇಟಿ ಮಾಡಿ. ನಿಮ್ಮ ನಾಲ್ವರಲ್ಲಿ ಅಡಗುವ ಪಾತ್ರಕ್ಕೆ ತಾನಾಗಿ ಕೈ ಎತ್ತೋರು ಯಾರು ಅಂತ ಗಮನಿಸಿ. ಮುಂದಿನ ಸೆಮಿಸ್ಟರ್ ಪ್ರಾಜೆಕ್ಟಿಗೆ ಅವರನ್ನ ಬಿಟ್ಟುಕೊಡಬೇಡಿ.